ಎರೆ ಪೋಣಿಸುವ ವಿದ್ಯೆ

ಗಾಳ ಹಾಕುವವನ ವಿಷಯದಲ್ಲಿ ಲೋಕಕ್ಕೆ ಅಷ್ಟೇನೂ ಒಳ್ಳೆಯ ಅಭಿಪ್ರಾಯವಿಲ್ಲ. ಯಾರಾದರೂ ಯಾರನ್ನಾದರೂ ಸಿಹಿಮಾತಿನಿಂದ ಒಲಿಸಲು ಹೊರಟರೆ ‘ಗಾಳ ಹಾಕುತ್ತಿದ್ದಾನೆ’ ಎನ್ನುತ್ತೇವೆ. ಮಗಳಿಗೆ ವರನನ್ನು ಹುಡುಕುವ ತಂದೆಯಿಂದ ಹಿಡಿದು ಮತ ಕೇಳಲು ಬರುವ ಮುಖಂಡರವರೆಗೆ ಎಲ್ಲರ ಕೈಗೂ ನಮ್ಮ ಭಾಷೆ ಒಂದೊಂದು ಗಾಳವನ್ನು ಕೊಟ್ಟುಬಿಟ್ಟಿದೆ. ಹೀಗಿರುವಾಗ ನಿಜವಾದ ಗಾಳವನ್ನು ಹಿಡಿದು ದಂಡೆಯ ಮೇಲೆ ಕುಳಿತವನನ್ನು ಕೇಳುವವರಾರು? ‘ಕೆಲಸವಿಲ್ಲದವನು’ ಎಂದು ಒಂದೇ ಮಾತಿನಲ್ಲಿ ಅವನ ತೀರ್ಮಾನ ಆಗಿಹೋಗುತ್ತದೆ. ಈ ಸಂಚಿಕೆಯಲ್ಲಿ ನನ್ನ ಸಹಪಾಠಿಗಳು ಶರಣರನ್ನು ಕುರಿತು, ಸಂವಿಧಾನವನ್ನು ಕುರಿತು ಬರೆಯುತ್ತಿರುವಾಗ ನಾನು ಕೊಕ್ಕೆಗೆ ಹುಳುವನ್ನು ಪೋಣಿಸುವ ಬಗೆಯನ್ನು ಬರೆಯ ಹೊರಟಿರುವುದನ್ನು ಕಂಡು ಮಾನ್ಯ ಅಧ್ಯಾಪಕರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ. ಆದರೆ ನನಗೆ ಚೆನ್ನಾಗಿ ಗೊತ್ತಿರುವ ವಿದ್ಯೆ ಇದೊಂದೇ. ಗೊತ್ತಿಲ್ಲದ್ದನ್ನು ಬರೆಯುವ ಅಭ್ಯಾಸವನ್ನು ನಾನು ಪರೀಕ್ಷೆಗೆಂದು ಮೀಸಲಾಗಿಟ್ಟಿದ್ದೇನೆ.

ಎರೆ ಎಂಬ ಮಾತು ನಮ್ಮ ಸೀಮೆಯವರಿಗೆ ಬಹಳ ಹತ್ತಿರದ್ದು. ಗಾಳಕ್ಕೆ ಸಿಕ್ಕಿಸುವುದೂ ಎರೆ. ಹತ್ತಿ, ಜೋಳ, ತೊಗರಿ ಬೆಳೆಯುವ ಕಪ್ಪು ಭೂಮಿಯೂ ಎರೆ. ಹಬ್ಬದ ದಿನ ಅವ್ವ ಮಕ್ಕಳ ತಲೆಯ ಮೇಲೆ ಬಿಸಿನೀರು ಹೊಯ್ಯುವುದೂ ಎರೆಯುವುದೇ. ಇವು ಮೂರನ್ನೂ ನಿಘಂಟು ಬೇರೆ ಬೇರೆಯಾಗಿ ಬರೆದುಕೊಳ್ಳಲಿ. ನನ್ನ ಬದುಕಿನಲ್ಲಿ ಮಾತ್ರ ಅವು ಒಂದನ್ನೊಂದು ಬಿಟ್ಟು ಬಂದದ್ದಿಲ್ಲ.

ನಮ್ಮ ಸಿರವಾರವನ್ನು ಭೂಪಟದಲ್ಲಿ ನೋಡಿದವರು ನಮ್ಮನ್ನು ಭಾಗ್ಯವಂತರೆಂದು ತಿಳಿಯುವುದು ಸಹಜ. ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ, ನಡುವೆ ನಾವು. ಆದರೆ ಎರಡು ಹೊಳೆಗಳ ನಡುವೆ ಇದ್ದೂ ಬಾಯಾರುವುದು ಹೇಗೆಂಬುದನ್ನು ಯಾರಾದರೂ ಕಲಿಯಬೇಕಾದರೆ ರಾಯಚೂರು ಜಿಲ್ಲೆಗೇ ಬರಬೇಕು. ೧೯೫೩ರಲ್ಲಿ ನೀರು ಹರಿಸಲು ತೊಡಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಮುಖ್ಯ ಕಾಲುವೆ ಸುಮಾರು ೨೨೭ ಕಿಲೋಮೀಟರು ಉದ್ದವಾಗಿದೆ. ಗಂಗಾವತಿ, ಸಿಂಧನೂರುಗಳ ಬತ್ತದ ಗದ್ದೆಗಳನ್ನು ತಣಿಸಿ, ಮಾನ್ವಿಯನ್ನು ದಾಟಿ ನಮ್ಮ ಕಡೆಗೆ ಬರುವ ಹೊತ್ತಿಗೆ ಅದು ದೂರದ ಊರಿನಿಂದ ನಡೆದು ಬಂದ ನೆಂಟನಂತೆ ಸೊರಗಿರುತ್ತದೆ. ‘ಕೊನೆಯ ಭಾಗದ ರೈತರು’ ಎಂದು ಪತ್ರಿಕೆಗಳಲ್ಲಿ ಬರುವುದು ನಮ್ಮ ವಿಷಯವೇ. ನಮ್ಮದು ಎರಡೆಕರೆ ಎರೆಹೊಲ. ಕಾಲುವೆಯ ನೀರು ಬಂದ ವರ್ಷ ಅದು ನಮ್ಮನ್ನು ಸಾಕುತ್ತದೆ. ಬಾರದ ವರ್ಷ ನಮ್ಮನ್ನು ಊರು ಬಿಡಿಸುತ್ತದೆ.

ನಾನು ಒಂದನೆಯ ಇಯತ್ತೆಯಲ್ಲಿದ್ದಾಗ ಅಂಥದೊಂದು ವರ್ಷ ಬಂತು. ಅಪ್ಪನೂ ಅವ್ವನೂ ಗುಳೆ ಹೊರಟರು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ನನ್ನ ಶಾಲೆ ತಪ್ಪಬಾರದೆಂದು ನನ್ನನ್ನು ತಾತನ ಬಳಿ ಬಿಟ್ಟರು. ರಾತ್ರಿಯ ಬಸ್ಸು ಹೊರಟಾಗ ನಾನು ಅತ್ತೆನೋ ಇಲ್ಲವೋ ನೆನಪಿಲ್ಲ. ಮರುದಿನ ಬೆಳಿಗ್ಗೆ ತಾತ ನನ್ನನ್ನು ಎಬ್ಬಿಸಿ, ‘ಏಳಲೇ ತಮ್ಮಾ, ಎರೆ ತಗಿಯಾಕ ಹೋಗೂನು’ ಎಂದದ್ದು ಮಾತ್ರ ನೆನಪಿದೆ. ಅತ್ತು ಕೂರುವ ಹುಡುಗನಿಗೆ ಅವನು ಕಂಡುಕೊಂಡ ಔಷಧ ಅದು.

ತಾತನ ವಿದ್ಯೆ ಬಹಳ ಕ್ರಮಬದ್ಧವಾದದ್ದು. ತಿಪ್ಪೆಯ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ ಮಣ್ಣು ಸದಾ ಹಸಿಯಾಗಿರುತ್ತದೆ. ಅಲ್ಲಿ ಸಲಿಕೆ ಹಾಕಬಾರದು, ಹುಳು ತುಂಡಾಗುತ್ತದೆ. ಕುರುಪಿಯಿಂದ ಮೆಲ್ಲಗೆ ಕೆದಕಬೇಕು. ತೆಗೆದ ಹುಳುಗಳನ್ನು ತೆಂಗಿನ ಚಿಪ್ಪಿನಲ್ಲಿ ಹಸಿಮಣ್ಣಿನೊಡನೆ ಇಟ್ಟು ಮೇಲೆ ಒದ್ದೆ ಗೋಣಿಯ ಚೂರನ್ನು ಮುಚ್ಚಬೇಕು. ಎರೆಹುಳುವಿಗೆ ಮೂಗಿಲ್ಲ, ಅದು ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒಣಗಿದರೆ ಅದರ ಕಥೆ ಮುಗಿಯಿತು. ಇದನ್ನು ವಿಜ್ಞಾನದ ಪುಸ್ತಕದಲ್ಲಿ ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ‘ಹತ್ತು ಬೇಕಂದ್ರ ಹತ್ತ ತಗಿ. ಉಳದವು ಹೊಲ ಉಳಲಿ’ ಎಂಬುದು ತಾತನ ಕಟ್ಟಳೆ. ಚಾರ್ಲ್ಸ್ ಡಾರ್ವಿನ್ ಮಹಾಶಯನು ೧೮೮೧ರಲ್ಲಿ ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದು, ಮನುಷ್ಯನು ನೇಗಿಲು ಹಿಡಿಯುವುದಕ್ಕೆ ಮುಂಚೆಯೇ ಭೂಮಿಯನ್ನು ಉಳುತ್ತಿದ್ದವು ಇವೇ ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ತಾತ ಡಾರ್ವಿನ್ನನನ್ನು ಓದಿಲ್ಲ. ಅವನಿಗೆ ಓದಲು ಬರುವುದೂ ಇಲ್ಲ.

ಇನ್ನು ಸಲಕರಣೆ. ಆಳುದ್ದದ ಎರಡರಷ್ಟು ಬಿದಿರಿನ ಗಳ. ಅದರ ತುದಿಗೆ ಅಷ್ಟೇ ಉದ್ದದ ನೈಲಾನ್ ದಾರ. ಸೀಸದ ಗುಂಡಿಗೆ ಬದಲಾಗಿ ಸೈಕಲ್ಲಿನ ಹಳೆಯ ನಟ್ಟು. ನೀರಿನ ಮೇಲೆ ತೇಲಲು ಜೋಳದ ದಂಟಿನ ಬೆಂಡು. ಕೊಕ್ಕೆಗಳನ್ನು ಮಾತ್ರ ರಾಯಚೂರಿನಿಂದ ತರಿಸುತ್ತಿದ್ದ. ಕೊಕ್ಕೆಯ ಮೊನೆಯ ಹಿಂದೆ ಒಂದು ಸಣ್ಣ ಹಿಮ್ಮುಳ್ಳು ಇರುತ್ತದೆ. ಒಳಗೆ ಹೋಗುವಾಗ ಅದು ಸುಮ್ಮನಿರುತ್ತದೆ. ಹೊರಗೆ ಬರುವಾಗಲೇ ತನ್ನ ಗುಣವನ್ನು ತೋರಿಸುವುದು. ಸಾಲಕ್ಕೂ ಇದೇ ಗುಣವೆಂದು ತಾತ ಹೇಳುತ್ತಿದ್ದ.

ಈಗ ಪೋಣಿಸುವ ಬಗೆ. ಹುಳುವಿನ ತಲೆಯ ಕಡೆಯಿಂದ ಮೊನೆಯನ್ನು ಒಳಗಿಟ್ಟು, ಕಾಲುಚೀಲವನ್ನು ಏರಿಸುವಂತೆ ಹುಳುವನ್ನು ಕೊಕ್ಕೆಯ ಮೇಲೆ ಏರಿಸುತ್ತ ಹೋಗಬೇಕು. ಬಾಗಿನ ಸುತ್ತ ತಿರುಗುವಾಗ ಅವಸರ ಮಾಡಿದರೆ ಚರ್ಮ ಹರಿಯುತ್ತದೆ. ಮೊನೆ ಹೊರಗೆ ಕಾಣಬಾರದು. ಆದರೆ ಚರ್ಮದ ಒಳಗೇ, ಒಂದು ಒತ್ತಿಗೆ ಹೊರಬರುವಷ್ಟು ಹತ್ತಿರದಲ್ಲಿ ಇರಬೇಕು. ಕೊನೆಗೆ ಅರ್ಧ ಅಂಗುಲದಷ್ಟು ಬಾಲವನ್ನು ಸಡಿಲವಾಗಿ ಬಿಡಬೇಕು. ಮೀನನ್ನು ಕರೆಯುವುದು ಆ ಬಾಲವೇ. ಪೂರ್ತಿ ಉದ್ದವನ್ನು ಬಿಟ್ಟರೆ ಜಾಣಮೀನುಗಳು ಬಾಲವನ್ನಷ್ಟೇ ಕಿತ್ತು ತಿಂದು ಹೋಗುತ್ತವೆ. ನೀರಿನಲ್ಲಿ ಜೊಂಡು, ಪಾಚಿ ಇರುವ ಕಡೆ ಮೊನೆಯನ್ನು ಮುಚ್ಚುವುದು ಇನ್ನೂ ಅವಶ್ಯ. ಇಲ್ಲವಾದರೆ ನಾವು ಹಿಡಿಯುವುದು ಮೀನನ್ನಲ್ಲ, ಹುಲ್ಲನ್ನು. ‘ಮೊನಿ ಕಂಡ್ರ ಮೀನು ಬರಂಗಿಲ್ಲ, ಮೊನಿ ಹೂತು ಹೋದ್ರ ಮೀನು ನಿಲ್ಲಂಗಿಲ್ಲ.’ ಮೊದಲ ದಿನ ನಾನು ಹುಳುವಿನ ಒದ್ದಾಟ ನೋಡಿ ಕೈಬಿಟ್ಟು ಓಡಿದೆ. ತಾತ ನಗಲಿಲ್ಲ. ‘ಅಂಜಿಕಿ ಬಂದ್ರ ಚಲೋ. ಅಂಜಿಕಿ ಇಲ್ಲದವ ಬರೇ ಕೊಲ್ಲತಾನ’ ಎಂದ.

ನಾನು ಕಾಲೇಜಿಗೆ ಬಂದ ಮೇಲೆ ಒಂದು ದಿನ ಇತಿಹಾಸದ ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ಪಾಠ ನಡೆದಿತ್ತು. ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನೆಂದೂ, ಅದರ ನೂರು ಅಧ್ಯಾಯಗಳಲ್ಲಿ ರಾಜನೀತಿಯಿಂದ ಅಡಿಗೆಯವರೆಗೆ ಎಲ್ಲವೂ ಉಂಟೆಂದೂ ಅಧ್ಯಾಪಕರು ಹೇಳುತ್ತ, ‘ಮೀನು ಹಿಡಿಯುವ ವಿನೋದಕ್ಕೂ ಅದರಲ್ಲಿ ಒಂದು ಅಧ್ಯಾಯವಿದೆ’ ಎಂದರು. ಅರೆನಿದ್ದೆಯಲ್ಲಿದ್ದ ನಾನು ನೆಟ್ಟಗೆ ಕುಳಿತೆ. ಆಮೇಲೆ ವಾಚನಾಲಯದಲ್ಲಿ ಹುಡುಕಿ ತಿಳಿದುಕೊಂಡೆ: ಅದರ ಹೆಸರು ಮತ್ಸ್ಯವಿನೋದ. ಕೋಲು, ದಾರ, ಗಾಳ, ಯಾವ ಮೀನಿಗೆ ಯಾವ ಎರೆ, ಮೊದಲೇ ಮೇವು ಹಾಕಿ ಮೀನುಗಳನ್ನು ಒಂದೆಡೆಗೆ ರೂಢಿ ಮಾಡಿಸುವ ಕ್ರಮ, ಎಲ್ಲವನ್ನೂ ಅರಸನು ಹೇಳಿದ್ದಾನೆ. ಪ್ರಾಣಿಶಾಸ್ತ್ರಜ್ಞರಾದ ಡಾ. ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಇಂಗ್ಲೆಂಡಿನ ಐಸಾಕ್ ವಾಲ್ಟನ್ ಗಾಳದ ಮೇಲೆ ತನ್ನ ಹೆಸರುವಾಸಿಯಾದ ಪುಸ್ತಕವನ್ನು ಪ್ರಕಟಿಸಿದ್ದು ೧೬೫೩ರಲ್ಲಿ. ನಮ್ಮ ಅರಸನು ಅವನಿಗಿಂತ ಐದು ಶತಮಾನಗಳಷ್ಟು ಹಿರಿಯ. ಆ ದಿನ ಮನೆಗೆ ಹೋಗಿ ತಾತನಿಗೆ ಇದನ್ನೆಲ್ಲ ಉತ್ಸಾಹದಿಂದ ವಿವರಿಸಿದೆ. ತಾತ ಕೇಳಿ, ‘ಅರಸಗ ಎರೆ ಯಾರು ತಗದು ಕೊಡತಿದ್ರು?’ ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮುಖ್ಯವಾದ ಪ್ರಸಂಗಕ್ಕೆ ಈಗ ಬರುತ್ತೇನೆ. ೨೦೨೪ರ ಮಳೆಗಾಲದಲ್ಲಿ ನನ್ನ ಸೋದರಮಾವ ಬೆಂಗಳೂರಿನಿಂದ ಬಂದ. ಅವನು ಅಲ್ಲಿ ಒಂದು ವಸತಿ ಸಮುಚ್ಚಯದ ಕಾವಲುಗಾರ. ಮನೆ ಖಾಲಿಮಾಡಿ ಹೋದ ಯಾರೋ ಒಬ್ಬರು ಕೊಟ್ಟರೆಂದು ನನಗೊಂದು ಪೊಟ್ಟಣ ತಂದಿದ್ದ. ಬಿಡಿಸಿ ನೋಡಿದರೆ ಹುಳುಗಳು! ನೇರಳೆ ಬಣ್ಣದ, ಗೇಣುದ್ದದ, ಮೆತ್ತನೆಯ ಪ್ಲಾಸ್ಟಿಕ್ ಹುಳುಗಳು. ಜೊತೆಗೆ ವಿಚಿತ್ರವಾಗಿ ಕುತ್ತಿಗೆ ಮುರಿದಂತಿದ್ದ ಕೊಕ್ಕೆಗಳು, ಗುಂಡಿನಾಕಾರದ ತೂಕಗಳು. ಮೊಬೈಲಿನಲ್ಲಿ ಹುಡುಕಿ ಓದಿದಾಗ ಇದರ ಚರಿತ್ರೆ ತಿಳಿಯಿತು. ಅಮೆರಿಕದ ಓಹಾಯೋ ಸಂಸ್ಥಾನದ ಆಕ್ರನ್ ಪಟ್ಟಣದಲ್ಲಿ ನಿಕ್ ಕ್ರೀಮ್ ಎಂಬಾತ ೧೯೪೯ರಲ್ಲಿ ತನ್ನ ಹೆಂಡತಿಯೊಡನೆ ಮನೆಯಲ್ಲೇ ಪ್ಲಾಸ್ಟಿಕ್ಕನ್ನು ಕಾಸಿ ಅಚ್ಚಿಗೆ ಹೊಯ್ದು ಇಂಥ ಹುಳುವನ್ನು ಮಾಡಿದನಂತೆ. ಅವರು ಹಿಡಿಯುವುದು ಬಾಸ್ ಎಂಬ ದೊಡ್ಡಬಾಯಿಯ ಮೀನನ್ನು; ಅದು ಉತ್ತರ ಅಮೆರಿಕದ್ದು, ನಮ್ಮ ನೀರಿನದಲ್ಲ. ಅದರಂತೆ ಜೊಂಡಿನಲ್ಲಿ ಅವಿತು ಕುಳಿತು ಒಮ್ಮೆಗೇ ಮೇಲೆ ಬೀಳುವ ಮೀನು ನಮ್ಮಲ್ಲಿ ಇದ್ದರೆ ಅದು ಕೊರಮೀನು.

ಆ ಹುಳುವನ್ನು ಪೋಣಿಸುವ ಒಂದು ಪದ್ಧತಿಗೆ ಟೆಕ್ಸಸ್ ಪದ್ಧತಿಯೆಂದು ಹೆಸರು. ಮೊದಲು ತೂಕದ ತೂತಿನಲ್ಲಿ ದಾರವನ್ನು ತೂರಿಸಿ ಕೊಕ್ಕೆಯನ್ನು ಕಟ್ಟಬೇಕು. ಮೊನೆಯನ್ನು ಹುಳುವಿನ ತಲೆಯಲ್ಲಿ ಕಾಲಂಗುಲದಷ್ಟು ಇಳಿಸಿ ಪಕ್ಕದಿಂದ ಹೊರತೆಗೆದು, ಕೊಕ್ಕೆಯ ಕಣ್ಣು ತಲೆಯೊಳಗೆ ಮುಚ್ಚುವವರೆಗೆ ಎಳೆಯಬೇಕು. ಆಮೇಲೆ ಕೊಕ್ಕೆಯನ್ನು ತಿರುಗಿಸಿ, ಮೊನೆ ಎಲ್ಲಿಗೆ ಬರುತ್ತದೆಂದು ಅಳತೆ ನೋಡಿ, ಅಲ್ಲಿ ಹುಳುವನ್ನು ತುಸು ಬಾಗಿಸಿ ಮೊನೆಯನ್ನು ಮತ್ತೆ ಅದರ ಮೈಯಲ್ಲಿ ಹುದುಗಿಸಬೇಕು. ಎಲ್ಲ ಸರಿಯಾದರೆ ಹುಳು ನೆಟ್ಟಗೆ ತೂಗುತ್ತದೆ. ಸೊಟ್ಟಗಾದರೆ ನೀರಿನಲ್ಲಿ ಬುಗುರಿಯಂತೆ ತಿರುಗಿ ದಾರವನ್ನೆಲ್ಲ ಹೊಸೆದುಬಿಡುತ್ತದೆ. ನಾನು ಹತ್ತು ಸಲ ಸೊಟ್ಟ ಮಾಡಿದೆ. ಹನ್ನೊಂದನೆಯ ಸಲ ತಾತ ಅದನ್ನು ಇಸಿದುಕೊಂಡ. ಅವನ ಕಣ್ಣಿಗೆ ಪೊರೆ ಬಂದಿದೆ. ಬೆರಳಿನಿಂದಲೇ ಸವರಿ ನೋಡಿ, ‘ಮೊನಿ ಒಳಗ ಐತಿ. ನಮ್ಮದ ಪದ್ಧತಿ’ ಎಂದ. ಮತ್ತೆ ಮೂಸಿ ನೋಡಿ, ‘ಇದು ಸಾಯಂಗಿಲ್ಲೇನು?’ ಎಂದು ಕೇಳಿದ. ‘ಇಲ್ಲ ತಾತ, ಎಷ್ಟು ದಿನ ಆದ್ರೂ ಕೊಳಿಯಂಗಿಲ್ಲ’ ಎಂದೆ, ಅದೇ ದೊಡ್ಡ ಗುಣವೆಂಬಂತೆ. ತಾತ ಸುಮ್ಮನೆ ಮರಳಿ ಕೊಟ್ಟ. ಉಳಿದ ಹುಳುಗಳನ್ನು ನಾನೊಂದು ಹಳೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ವಾರದೊಳಗೆ ಅವು ಡಬ್ಬಿಯ ತಳವನ್ನು ಕರಗಿಸಿ ಅಂಟಿಕೊಂಡವು. ಕೊಳೆಯದಿದ್ದರೂ ಅವಕ್ಕೂ ಅವುಗಳದೇ ರೋಗಗಳಿವೆ!

ಆ ವರ್ಷ ಮಳೆ ಚೆನ್ನಾಗಿತ್ತು, ಜಲಾಶಯ ತುಂಬಿತ್ತು. ‘ಈ ಸಲ ಬಂದುಬಿಡತೀವಿ, ಹೊಲ ನಾವ ಮಾಡೂನು’ ಎಂದು ಅವ್ವ ಫೋನಿನಲ್ಲಿ ಹೇಳಿದ್ದಳು. ನಾನು ದಿನ ಎಣಿಸುತ್ತಿದ್ದೆ. ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ತುಂಬಿದ ನೀರನ್ನು ಹೊಳೆಗೆ ಬಿಡದೆ ಬೇರೆ ದಾರಿಯಿರಲಿಲ್ಲ. ಕಾಲುವೆಯ ಕೊನೆಗಿರುವವರ ಎದೆ ಆ ದಿನಗಳಲ್ಲಿ ಹೇಗೆ ಹೊಡೆದುಕೊಳ್ಳುತ್ತಿತ್ತೆಂಬುದನ್ನು ಇಲ್ಲಿಯ ಓದುಗರಿಗೆ ಹೇಳಬೇಕಾಗಿಲ್ಲ. ವಾರದೊಳಗೆ ತಾತ್ಕಾಲಿಕ ಗೇಟನ್ನು ಕೂಡಿಸಿದರು, ಆಮೇಲೆ ಮಳೆಯೂ ಕೈಹಿಡಿಯಿತು. ಆದರೆ ಅಷ್ಟರಲ್ಲಿ ಅಪ್ಪ ಮೇಸ್ತ್ರಿಗೆ ಇನ್ನಾರು ತಿಂಗಳಿಗೆ ಮಾತು ಕೊಟ್ಟುಬಿಟ್ಟಿದ್ದ. ಅವ್ವ ಬರಲಿಲ್ಲ.

ಅದೇ ವಾರದ ಒಂದು ಸಂಜೆ. ಕಾಲೇಜಿಗೆ ಕಟ್ಟಬೇಕಾದ ಶುಲ್ಕದಲ್ಲಿ ನನಗೆ ಆರುನೂರು ರೂಪಾಯಿ ಕಡಿಮೆಯಿತ್ತು. ಎರಡೇ ದಿನ ಉಳಿದಿದ್ದವು. ಕಾಲುವೆಯ ಬಸಿನೀರು ನಿಂತು ಆದ ಮಡುವೊಂದು ನಮ್ಮ ಹೊಲದಾಚೆ ಇದೆ. ಪ್ಲಾಸ್ಟಿಕ್ ಹುಳುವನ್ನು ಪೋಣಿಸಿಕೊಂಡು ಅಲ್ಲಿಗೆ ಹೋದೆ. ಜೊಂಡಿನ ಪಕ್ಕದಲ್ಲಿ, ನಿಂತ ನೀರಿನಲ್ಲಿ, ಒಂದು ಕಡೆ ಮಾತ್ರ ಸಣ್ಣ ಮಳೆ ಬೀಳುವಂತೆ ಹನಿಹನಿಯಾಗಿ ಕದಲುತ್ತಿತ್ತು. ಬಾಗಿ ನೋಡಿದೆ. ಕೊರಮೀನಿನ ಮರಿಗಳು, ಕುಂಕುಮದ ನೀರು ಚೆಲ್ಲಿದಂತೆ ಕೆಂಪು ಮರಿಗಳು ನೂರಾರು ಒತ್ತಾಗಿ ಸೇರಿ ಉಸಿರಿಗೆ ಮೇಲೆ ಬಂದು ಹೋಗುತ್ತಿದ್ದವು. ಮರಿಗಳು ಇರುವ ಕಡೆ ಕೆಳಗೆ ದೊಡ್ಡದು ಇದ್ದೇ ಇರುತ್ತದೆ. ಕೊರಮೀನು ಮರಿಗಳನ್ನು ಬಿಟ್ಟು ಹೋಗುವುದಿಲ್ಲ, ಹತ್ತಿರ ಬಂದದ್ದನ್ನು ಬಿಡುವುದೂ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹುಳುವನ್ನು ಮರಿಗಳ ಆಚೆಗೆ ಎಸೆದು ಅವುಗಳ ನಡುವಿನಿಂದ ಎಳೆದೆ.

ನೀರು ಒಡೆಯಿತು. ಗಳ ಬಿಲ್ಲಿನಂತೆ ಬಾಗಿತು. ಮೊನೆ ಮೆತ್ತನೆಯ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ಬಂದು ಮೀನಿನ ತುಟಿಯಲ್ಲಿ ನಿಂತಿತ್ತು. ದಂಡೆಗೆ ಬಂದಾಗ ನೋಡಿದರೆ ಮೊಳದುದ್ದ. ಒಂದೂವರೆ ಕಿಲೋ ಇದ್ದೀತು. ದಾರಿಯಲ್ಲಿ ಚಹದಂಗಡಿಯ ಮುಂದೆ ಒಬ್ಬರು ಕೈಯಲ್ಲಿ ತೂಗಿ ನೋಡಿ ‘ಆರುನೂರು ಕೊಡತೀನಿ, ಮನಿಯಾಗ ತೋರಿಸಿಕೊಂಡು ಬಾ’ ಎಂದರು. ಲೆಕ್ಕ ಸರಿಹೋಯಿತು. ನಾನು ಹಿಗ್ಗಿನಿಂದಲೇ ಮನೆಗೆ ಬಂದೆ.

ತಾತ ಒದ್ದೆ ಗೋಣಿಯಲ್ಲಿ ಕೈಹಾಕಿ ಮೀನನ್ನು ತಲೆಯಿಂದ ಬಾಲದವರೆಗೆ ಸವರಿದ.

‘ಎಲ್ಲಿ ಹಿಡದಿ?’

‘ಬಸಿಮಡುವಿನ್ಯಾಗ.’

‘ಕೆಂಪು ಮರಿ ಇದ್ವೇನು?’

ನಾನು ಮಾತನಾಡಲಿಲ್ಲ. ತಾತ ಇನ್ನೊಮ್ಮೆ ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಹಸದು ಬಂದದ್ದು ಗಾಳಕ್ಕ ಬಿದ್ರ ಅದು ಅದರ ಹಣೆಬರ. ಇದು ಹಸದು ಬಂದಿದ್ದಲ್ಲಲೇ, ತಮ್ಮಾ’ ಎಂದು ಹೇಳಿ ಒಳಗೆ ಹೋಗಿ ಮಲಗಿದ.

ನಾನು ಹೊಸ್ತಿಲ ಮೇಲೆ ಕುಳಿತೆ. ಆರುನೂರು ರೂಪಾಯಿ ಬೇಕಾಗಿರುವುದು ಓದಿಗೆ, ತಪ್ಪೇನು? ಮೀನು ತಿನ್ನುವ ನಾವು ಮೀನಿನ ಮಕ್ಕಳ ಲೆಕ್ಕ ಇಡಲಾದೀತೆ? ಇಂಥ ವಾದಗಳು ತರ್ಕಶಾಸ್ತ್ರ ಓದಿದವನಿಗೆ ಎಷ್ಟು ಬೇಕಾದರೂ ಹುಟ್ಟುತ್ತವೆ. ಆದರೆ ಕೊರಮೀನಿಗೆ ಒಂದು ಗುಣವಿದೆ: ಅದು ಗಾಳಿಯನ್ನೂ ಉಸಿರಾಡುವ ಜಾತಿ. ಮೈ ಹಸಿಯಾಗಿದ್ದರೆ ನೀರಿಲ್ಲದೆಯೂ ಗಂಟೆಗಟ್ಟಲೆ ಬದುಕಿರುತ್ತದೆ. ಬೇರೆ ಮೀನಾಗಿದ್ದರೆ ಅಷ್ಟರಲ್ಲಿ ಸತ್ತು ನನ್ನ ಪ್ರಶ್ನೆಯನ್ನು ತಾನೇ ಬಗೆಹರಿಸುತ್ತಿತ್ತು. ಇದು ಗೋಣಿಯೊಳಗೆ ಬಾಯಿ ತೆರೆಯುತ್ತ, ಮುಚ್ಚುತ್ತ, ನನಗೆ ಹೊತ್ತು ಕೊಡುತ್ತಲೇ ಇತ್ತು.

ಕೊನೆಗೆ ಎದ್ದೆ. ಬಕೆಟ್ಟಿಗೆ ನೀರು ತುಂಬಿ ಅದರಲ್ಲಿ ಮೀನನ್ನಿಟ್ಟು, ಚಹದಂಗಡಿಯ ದಾರಿಯನ್ನು ಬಿಟ್ಟು ಹೊಲಗಳ ಮೇಲೆ ನಡೆದೆ. ಮಡುವಿಗೆ ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ನೀರಿಗಿಳಿಸಿದಾಗ ಅದು ಕೆಲಹೊತ್ತು ಕೈಯ ಮೇಲೆ ಹಾಗೆಯೇ ನಿಂತಿತು. ಸತ್ತೇ ಹೋಯಿತೆಂದುಕೊಂಡೆ. ಆಮೇಲೆ ಬಾಲ ಒಂದು ಸಲ ನನ್ನ ಮೊಣಕೈಗೆ ಬಡಿಯಿತು, ಅಷ್ಟೆ. ಮೀನಿನ ಹೆಜ್ಜೆಯನ್ನು ಕಂಡವರಿಲ್ಲ ಎನ್ನುತ್ತಾರೆ. ಅದು ಎತ್ತ ಹೋಯಿತೋ ಕತ್ತಲಲ್ಲಿ ಕಾಣಲಿಲ್ಲ.

ಮರುದಿನ ಬೆಳಗಿನಲ್ಲಿ ಹೋಗಿ ನೋಡಿದೆ. ಜೊಂಡಿನ ಇನ್ನೊಂದು ಮಗ್ಗುಲಲ್ಲಿ ಕೆಂಪು ಮರಿಗಳು ಇದ್ದವು. ಹಿಂದಿನ ದಿನದಷ್ಟು ಇರಲಿಲ್ಲ, ಅರ್ಧವೂ ಇರಲಿಲ್ಲ. ಕಾವಲು ಇಲ್ಲದ ಆ ಎರಡು ಗಂಟೆಗಳಲ್ಲಿ ಉಳಿದವು ಯಾರ ಬಾಯಿಗೆ ಹೋದವೆಂದು ಊಹಿಸುವುದು ಕಷ್ಟವಲ್ಲ. ನಾನು ನೋಡುತ್ತಿದ್ದಂತೆಯೇ ಮರಿಗಳ ಕೆಳಗಿನಿಂದ ಒಂದು ದೊಡ್ಡ ಗುಳ್ಳೆ ಎದ್ದು ಒಡೆಯಿತು. ಅದು ಅದೇ ಮೀನೋ, ಅದರ ಜೊತೆಯದೋ, ನನಗೆ ಹೇಗೆ ತಿಳಿಯಬೇಕು? ಮರಿಗಳನ್ನು ಗಂಡೂ ಹೆಣ್ಣೂ ಕಾಯುವುದುಂಟು.

ಶುಲ್ಕದ ವಿಷಯವನ್ನು ಅವ್ವನಿಗೆ ಹೇಳಬಾರದೆಂದಿದ್ದೆ. ಆ ರಾತ್ರಿ ಹೇಳಬೇಕಾಯಿತು. ಹೇಳುತ್ತ ಹೇಳುತ್ತ ಮೀನಿನ ಕಥೆಯೂ ಬಂತು. ಅವ್ವ ಬೈಯುತ್ತಾಳೆಂದುಕೊಂಡೆ, ಆರುನೂರು ರೂಪಾಯಿ ಎಂದರೆ ಅವಳು ಎಷ್ಟು ಹೊತ್ತು ಇಟ್ಟಿಗೆ ಹೊರಬೇಕೆಂಬುದು ನನಗೆ ಗೊತ್ತಿಲ್ಲದ್ದಲ್ಲ. ‘ದುಡ್ಡು ನಾಳಿಗಿ ಹಾಕಸತೀನಿ’ ಎಂದಳು. ಆಮೇಲೆ ಬಹಳ ಹೊತ್ತು ಅತ್ತಲಿಂದ ಮಾತಿಲ್ಲ. ಹಿಂದೆ ಎಲ್ಲೋ ಕಾಂಕ್ರೀಟಿನ ಯಂತ್ರ ತಿರುಗುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಈಗಲೂ ನಾನು ಗಾಳ ಹಾಕುತ್ತೇನೆ. ಸಾಧುವಾಗಿಬಿಟ್ಟೆನೆಂದು ಯಾರೂ ತಿಳಿಯಬೇಕಾಗಿಲ್ಲ. ಎರೆಹುಳುವನ್ನು ಪೋಣಿಸುತ್ತೇನೆ, ಜಿಲೇಬಿ ಮೀನು ಸಿಕ್ಕಿದರೆ ತಾತನೂ ನಾನೂ ಸಂತೋಷದಿಂದ ತಿನ್ನುತ್ತೇವೆ. ನೀರು ಕೆಂಪಾಗಿ ಕದಲುವ ಕಡೆ ಮಾತ್ರ ಗಳವನ್ನು ಚಾಚುವುದಿಲ್ಲ. ನೇರಳೆ ಹುಳುಗಳು ಡಬ್ಬಿಗೆ ಅಂಟಿಕೊಂಡು ಅಟ್ಟದ ಮೇಲಿವೆ. ಅವುಗಳಿಗೆ ಸಾವಿಲ್ಲವಾದ್ದರಿಂದ ಅವಸರವೂ ಇಲ್ಲ.

ಆ ರಾತ್ರಿ ಅವ್ವ ಫೋನು ಇಡುವ ಮುಂಚೆ ಕೇಳಿದ್ದು ಒಂದೇ ಮಾತು:

‘ಮರಿ ಸಿಕ್ಕವೇನೋ ಅದಕ್ಕ?’

‘ಸಿಕ್ಕವು, ಅವ್ವ’ ಎಂದೆ.